ಎಲ್ಲರದೂ ಕೇಳಿಸುತ್ತೆ, ನನ್ನದು ಮಾತ್ರ ಕೇಳಿಸಲ್ಲ

ಕೇಳುಗರಿಗೆ ನಮಸ್ಕಾರ. ಬೆಂಗಳೂರಿನಲ್ಲಿ ಈಗಷ್ಟೇ ವಿಯು3 ಎಂದು ಶುರುವಾಗುವ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಕರೆಹೆಸರು) ಪಡೆದ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಗೆಳೆಯರ ದೂರು ಹೆಚ್ಚಾಗಿ ಒಂದೇ. "ಸಾರ್, ಕೈಯಲ್ಲಿ ಹಿಡಿಯೋ ಹ್ಯಾಂಡಿ ರೇಡಿಯೊದಲ್ಲಿ ಎಲ್ಲರ ಮಾತೂ ಚೆನ್ನಾಗಿ ಕೇಳಿಸುತ್ತೆ. ನನ್ನ ಮಾತು ಮಾತ್ರ ಯಾರಿಗೂ ಅರ್ಥ ಆಗಲ್ವಂತೆ." ಹಾಗಂತ ಕೂಡಲೇ ಎಸ್.ಪಿ. ರೋಡಿಗೆ ಆಂಟೆನಾ ತರಲು ಓಡಬೇಡಿ. ಕೆಟ್ಟಿರುವುದು ಸಿಗ್ನಲ್ಲೋ ದನಿಯೋ, ಮೊದಲು ಅದನ್ನು ತಿಳಿದುಕೊಳ್ಳಿ.

2 ಮೀಟರ್ ಬ್ಯಾಂಡಿನಲ್ಲಿ (ಅಲೆಯ ಉದ್ದ ಸುಮಾರು 2 ಮೀಟರ್ ಇರುವ ಫ್ರೀಕ್ವೆನ್ಸಿಗಳಲ್ಲಿ) ಖಾಲಿ ಇರುವ ಫ್ರೀಕ್ವೆನ್ಸಿಯಲ್ಲಿ ಗೆಳೆಯರೊಬ್ಬರನ್ನು ನೇರವಾಗಿ ಕರೆಯಿರಿ. ಕಾಲ್‌ಸೈನ್ ಹೇಳಿ, ಪಿಟಿಟಿ (ಒತ್ತಿ ಮಾತಾಡುವ) ಬಟನ್ ಬಿಡದೆ ನಾಲ್ಕೈದು ಸೆಕೆಂಡ್ ಸುಮ್ನಿರಿ. ಅವರಿಗೆ 'ಸ್ಸ್' ಎಂಬ ಸದ್ದು ಕೇಳಿಸಿದರೆ ಸಿಗ್ನಲ್ ಸಾಲದು. ಏನೂ ಸದ್ದಿಲ್ಲದಿದ್ದರೆ ಸಿಗ್ನಲ್ ಗಟ್ಟಿಯಾಗಿದೆ, ತಕರಾರು ಮೈಕಿನ ಕಡೆ. ಈ ರೇಡಿಯೊಗಳು ಬಳಸುವ ಎಫ್‌ಎಂ ಗುಣವೇ ಹಾಗೆ. ಸಿಗ್ನಲ್ ಬಲವಾದಷ್ಟೂ ಹಿಂದಿನ ಗದ್ದಲ ಅಡಗುತ್ತದೆ. 'ಗುಂಯ್' ಎಂದು ಕೇಳಿಸಿದರೆ ಚಾರ್ಜರ್ ಕಳಚಿ ಇನ್ನೊಮ್ಮೆ ನೋಡಿ.

ರಿಪೀಟರ್ (ನಮ್ಮ ಸಿಗ್ನಲ್ ಹಿಡಿದು ಮತ್ತೆ ಪ್ರಸಾರ ಮಾಡುವ ಸ್ಟೇಷನ್) ಮೂಲಕ ಮಾತಾಡುವಾಗ ಯಾರಾದರೂ "ಫೈವ್ ನೈನ್", ಅಂದರೆ ಮಾತು ಸ್ಪಷ್ಟ, ಸಿಗ್ನಲ್ ಬಹಳ ಬಲ, ಎಂದರೆ ಹಿಗ್ಗಬೇಡಿ. ಅವರ ಮೀಟರ್ ತೋರಿಸುವುದು ರಿಪೀಟರಿನ ಬಲ, ನಿಮ್ಮದಲ್ಲ!

ಸಿಗ್ನಲ್ ಸಾಲದೇ? ಬೇಸ್‌ಮೆಂಟ್ ಬಿಟ್ಟು ತಾರಸಿಗೆ ಬನ್ನಿ. ನಮ್ಮ ಊರಲ್ಲಿ ಕಟ್ಟಡಗಳಿಗೆ ಬಡಿದು ಬಂದ ಅಲೆಗಳು ಕೆಲವು ಕಡೆ ಒಂದನ್ನೊಂದು ಅಳಿಸಿಹಾಕುತ್ತವೆ. ಒಂದೆರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಎಷ್ಟೋ ಸಲ ಸರಿಹೋಗುತ್ತದೆ. ಆಂಟೆನಾ ನೆಟ್ಟಗಿರಲಿ. ರೇಡಿಯೊವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮಾತಾಡಬೇಡಿ, ಮೈ ಸಿಗ್ನಲನ್ನು ನುಂಗುತ್ತದೆ. ರಬ್ಬರ್ ಆಂಟೆನಾ ಇದ್ದರೆ, ಕನೆಕ್ಟರಿನ ಹೊರಬಳೆಗೆ ತಾಗುವಂತೆ ಸುಮಾರು 50 ಸೆಂಟಿಮೀಟರ್ ವೈರ್ ಕಟ್ಟಿ ಬಾಲದ ಹಾಗೆ ಇಳಿಬಿಡಿ. ಅದು ಕಾಲು ಅಲೆಯ ಉದ್ದ. ನೋಡಿದವರು ನಗಬಹುದು, ಆದರೆ ಕೆಲಸ ಮಾಡುತ್ತದೆ. ಬ್ಯಾಟರಿಯನ್ನೂ ನೋಡಿ. ಕೇಳುವುದಕ್ಕೆ ಕರೆಂಟ್ ಕಡಿಮೆ ಸಾಕು. 5 ವಾಟಿನಲ್ಲಿ ಮಾತಾಡುವಾಗ ಜಾಸ್ತಿ ಬೇಕು. ಹಳೇ ಬ್ಯಾಟರಿ ಅಲ್ಲೇ ಕುಸಿಯುವುದು.

ಇನ್ನು ದನಿ. ಮೈಕಿಗೆ ಬಾಯಿ ಅಂಟಿಸಿ ಕೂಗುವವರೇ ಜಾಸ್ತಿ, ಅಲ್ವಾ? ಕೂಗಿದರೆ ಮಾತು ದೂರ ಹೋಗುವುದಿಲ್ಲ, ಒಡೆಯುತ್ತದೆ. ನಾಲ್ಕು ಬೆರಳಿನಷ್ಟು ದೂರದಿಂದ, ಸ್ವಲ್ಪ ಓರೆಯಾಗಿ, ಮಾಮೂಲಿ ದನಿಯಲ್ಲಿ ಮಾತಾಡಿ. ಬಟನ್ ಒತ್ತಿ ಒಂದು ಕ್ಷಣ ತಡೆಯಿರಿ, ಇಲ್ಲದಿದ್ದರೆ ಮೊದಲ ಪದ ಹೋಯಿತು. ಮೈಕಿನ ತೂತು ಬಹಳ ಪುಟ್ಟದು. ಬೆರಳು, ಧೂಳು, ಮಳೆಹನಿ, ಯಾವುದು ಬೇಕಾದರೂ ಅದನ್ನು ಮುಚ್ಚೀತು. ಪಿನ್ನು ಹಾಕಿ ಮಾತ್ರ ಕೆದಕಬೇಡಿ. ಹೊರಗಿನ ಮೈಕ್ ಹಾಕಿದ್ದರೆ ತೆಗೆದು ನೋಡಿ.

ಇಷ್ಟಾದರೂ ದನಿ ಸರಿಹೋಗಲಿಲ್ಲವೇ? ಮೆನುವಿನಲ್ಲಿ ವೈಡ್, ನ್ಯಾರೋ ಎಂದಿರುತ್ತದೆ, ಸಿಗ್ನಲ್ ಎಷ್ಟು ಅಗಲಕ್ಕೆ ಹರಡಬೇಕು ಎಂಬ ಆಯ್ಕೆ ಅದು. ನಿಮ್ಮದು ನ್ಯಾರೋ, ಆ ಕಡೆಯದು ವೈಡ್ ಆದರೆ ನಿಮ್ಮ ಮಾತು ಮೆಲ್ಲಗೆ ಕೇಳುತ್ತದೆ. ತಿರುಗುಮುರುಗಾದರೆ ಕರಕರ ಅನ್ನುತ್ತದೆ. ಎರಡೂ ಕಡೆ ಒಂದೇ ಇರುವಂತೆ ಮಾಡಿ, ಮತ್ತೆ ಕರೆದು ನೋಡಿ.