ಹಾಲಿನ ಇಂಜೆಕ್ಷನ್: ಪೆಟ್ಟು ಬೀಳೋದು ಯಾರಿಗೆ?

ಎಲ್ಲರಿಗೂ ನಮಸ್ಕಾರ. ಹಾಲು, ಮಾಂಸದಲ್ಲಿರುವ ಹಾರ್ಮೋನ್ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ನೇರವಾಗಿ ವಿಷಯಕ್ಕೇ ಬರುತ್ತೇನೆ. ಹಸುವಿಗೆ ಇಂಜೆಕ್ಷನ್ ಚುಚ್ಚಿ ಹಾಲು ಕರೆಯುತ್ತಾರೆ, ಆ ಹಾಲು ಕುಡಿದು ಹೆಣ್ಣುಮಕ್ಕಳು ಮೂರನೇ ಕ್ಲಾಸಿಗೇ ಮೈನೆರೆಯುತ್ತಿದ್ದಾರೆ ಅನ್ನುವ ಮೆಸೇಜ್ ನಿಮ್ಮೆಲ್ಲರ ಫೋನಿಗೂ ಬಂದಿರುತ್ತದೆ, ಅಲ್ವಾ? ಅದರಲ್ಲಿ ಅರ್ಧ ನಿಜ. ಇಂಜೆಕ್ಷನ್ ಚುಚ್ಚುವವರು ಇದ್ದಾರೆ. ಆದರೆ ಅದರ ಪೆಟ್ಟು ಬೀಳುವುದು ಹಾಲು ಕುಡಿಯುವವರಿಗಲ್ಲ.

ಮೊದಲು ಆ ಔಷಧಿ ಯಾವುದು ನೋಡೋಣ. ಅದರ ಹೆಸರು ಆಕ್ಸಿಟೋಸಿನ್. ಅದು ಬೆಳವಣಿಗೆಯ ಹಾರ್ಮೋನ್ ಅಲ್ಲವೇ ಅಲ್ಲ. ಹಸುವಿನ ಮಿದುಳಿನಲ್ಲೇ ತಯಾರಾಗುತ್ತದೆ. ಕರು ಬಂದು ಕೆಚ್ಚಲಿಗೆ ಗುದ್ದಿದಾಗ ರಕ್ತಕ್ಕೆ ಇಳಿಯುತ್ತದೆ, ಕೆಚ್ಚಲಿನ ಒಳಗಿನ ಸಣ್ಣ ಸಣ್ಣ ಸ್ನಾಯುಗಳು ಹಿಂಡಿಕೊಳ್ಳುತ್ತವೆ, ಹಸು ಸೊರೆ ಬಿಡುತ್ತದೆ, ಅಂದರೆ ಹಾಲು ಮೊಲೆಗೆ ಇಳಿಯುತ್ತದೆ. ಮನುಷ್ಯರಲ್ಲೂ ಇದೇ ಹಾರ್ಮೋನ್, ಇದೇ ಕೆಲಸ. ಹೆರಿಗೆ ನೋವು ತರುವುದೂ ಇದೇ. ಒಂಬತ್ತೇ ಒಂಬತ್ತು ಅಮೈನೋ ಆಮ್ಲಗಳ ಚಿಕ್ಕ ಸರ, ರಕ್ತದಲ್ಲಿ ಕೆಲವು ನಿಮಿಷ ಉಳಿದರೆ ಹೆಚ್ಚು. ಹಾಲಿನ ಜೊತೆ ಚೂರುಪಾರು ನಮ್ಮ ಹೊಟ್ಟೆಗೆ ಹೋಯಿತು ಅಂತಲೇ ಇಟ್ಟುಕೊಳ್ಳಿ, ಬೇಳೆಯ ಪ್ರೋಟೀನ್ ಜೀರ್ಣವಾಗುವ ಹಾಗೆ ಅದೂ ಜೀರ್ಣವಾಗುತ್ತದೆ. ಹೆರಿಗೆ ವಾರ್ಡಿನಲ್ಲಿ ಇದನ್ನು ಮಾತ್ರೆಯಾಗಿ ನುಂಗಿಸದೆ ಸೂಜಿಯಲ್ಲೇ ಕೊಡುವುದು ಸುಮ್ನೆ ಅಲ್ಲ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಪರೀಕ್ಷೆ ಮಾಡಿ ನೋಡಿದಾಗಲೂ, ಚುಚ್ಚಿದ ಪ್ರಾಣಿಯ ಹಾಲಿಗೂ ಚುಚ್ಚದ್ದರ ಹಾಲಿಗೂ ಆಕ್ಸಿಟೋಸಿನ್ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ.

ಇನ್ನು ಹೆಣ್ಣುಮಕ್ಕಳು ಬೇಗ ಮೈನೆರೆಯುವ ವಿಷಯ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಈಸ್ಟ್ರೋಜನ್ ಅನ್ನುವ ಹೆಣ್ಣು ಹಾರ್ಮೋನ್, ಆಕ್ಸಿಟೋಸಿನ್ ಅಲ್ಲ. ಯುರೋಪಿನಲ್ಲಿ ಈ ವಯಸ್ಸು ಇಳಿಯುತ್ತಾ ಬಂದದ್ದು 19ನೇ ಶತಮಾನದಿಂದ. ಆಗ ಈ ಇಂಜೆಕ್ಷನ್ ಎಲ್ಲಿತ್ತು? ಊಟ ಸುಧಾರಿಸಿತು, ಮಕ್ಕಳ ತೂಕ ಜಾಸ್ತಿಯಾಯಿತು, ವಯಸ್ಸು ಇಳಿಯಿತು. ಹಾಗಂತ ಎಂಟು ವರ್ಷ ತುಂಬುವ ಮೊದಲೇ ಲಕ್ಷಣ ಕಂಡರೆ ಡಾಕ್ಟರ ಹತ್ತಿರ ಹೋಗಲೇಬೇಕು. ಹಾಲು ನಿಲ್ಲಿಸಿ ನೋಡೋಣ ಅಂತ ಮನೆಯಲ್ಲೇ ಕೂರಬೇಡಿ. (ಕುಂಬಳಕಾಯಿ, ಸೋರೆಕಾಯಿಗೂ ಇದನ್ನೇ ಚುಚ್ಚಿ ಊದಿಸುತ್ತಾರೆ ಅಂತ ಇನ್ನೊಂದು ಮೆಸೇಜ್ ಓಡಾಡುತ್ತದೆ. ಕುಂಬಳಬಳ್ಳಿಗೆ ಕೆಚ್ಚಲೂ ಇಲ್ಲ, ಗರ್ಭಕೋಶವೂ ಇಲ್ಲ.)

ಹಾಗಾದರೆ ಪೆಟ್ಟು ಯಾರಿಗೆ? ಮೊದಲನೆಯದು ಹಸು, ಎಮ್ಮೆಗೆ. ಎಮ್ಮೆ ಕರು ಇಲ್ಲದೆ ಸುಲಭಕ್ಕೆ ಸೊರೆ ಬಿಡುವುದಿಲ್ಲ. ಹಿಂದೆ ಸತ್ತ ಕರುವಿನ ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸುತ್ತಿದ್ದರು. ದೊಡ್ಡ ಊರುಗಳ ಇಕ್ಕಟ್ಟಿನ ಕೊಟ್ಟಿಗೆಗಳಲ್ಲಿ ಗಂಡು ಕರುವನ್ನು ಸಾಕುವವರೇ ಇಲ್ಲ, ಅದಕ್ಕೇ ಎರಡು ಹೊತ್ತೂ ಸೂಜಿ. ದಿನಾ ಚುಚ್ಚಿಸಿಕೊಂಡ ಪ್ರಾಣಿ ಆಮೇಲೆ ಸೂಜಿ ಇಲ್ಲದೆ ಹಾಲೇ ಇಳಿಸುವುದಿಲ್ಲ. ಕರು ಹಾಕಿದ ಮೇಲೆ ಮಾಸು ಬೀಳದಿದ್ದಾಗ ಪಶುವೈದ್ಯರು ಲೆಕ್ಕ ಹಾಕಿ ಕೊಡುವುದೇ ಬೇರೆ, ಲೇಬಲ್ ಇಲ್ಲದ ಪ್ಲಾಸ್ಟಿಕ್ ಬಾಟಲಿಯಿಂದ ಎಳೆದು ಚುಚ್ಚುವುದೇ ಬೇರೆ. ಆ ಬಾಟಲಿಯಲ್ಲಿ ಇನ್ನೇನು ಬೆರೆತಿದೆಯೋ, ಅದನ್ನು ಯಾರೂ ಪರೀಕ್ಷೆ ಮಾಡಿರುವುದಿಲ್ಲ. ಈ ಇಂಜೆಕ್ಷನ್ ವಿಷಯದಲ್ಲಿ ಹಾಲು ಕುಡಿಯುವವರಿಗೆ ಅಲ್ಪಸ್ವಲ್ಪ ಆತಂಕ ಇರಬೇಕಾದದ್ದು ಅದೊಂದರ ಬಗ್ಗೆ ಮಾತ್ರ.

ಈ ಹಿಂಸೆ ಹಳೆಯದು. ಕಲ್ಕತ್ತಾದಲ್ಲಿ ಫೂಕಾ ಅಂತ ಒಂದು ಪದ್ಧತಿ ಇತ್ತು. ಹಾಲು ಇಳಿಯಲಿ ಅಂತ ಹಸುವಿನ ಯೋನಿಗೆ ಕೊಳವೆಯಿಂದ ಗಾಳಿ ಊದುವುದು. ಅದನ್ನು ಓದಿದ ಮೇಲೆಯೇ ಗಾಂಧೀಜಿ 1912ರಲ್ಲಿ, ದಕ್ಷಿಣ ಆಫ್ರಿಕಾದಲ್ಲಿದ್ದಾಗ, ಹಾಲು ಬಿಟ್ಟರು. ಆಮೇಲೆ ಕಾಯಿಲೆ ಬಿದ್ದು ಆಡಿನ ಹಾಲಿಗೆ ಒಪ್ಪಿಕೊಂಡ ಕಥೆ ನಿಮಗೆ ಗೊತ್ತೇ ಇದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಫೂಕಾ ಮಾಡುವುದನ್ನೂ, ಹಾಲು ಹೆಚ್ಚಿಸಲು ಪ್ರಾಣಿಯ ಆರೋಗ್ಯ ಕೆಡಿಸುವ ಇಂಜೆಕ್ಷನ್ ಕೊಡುವುದನ್ನೂ ಅಪರಾಧ ಅನ್ನುತ್ತದೆ. ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಇವತ್ತಿಗೆ ಒಂದು ಸಾವಿರ ಯಾವ ಲೆಕ್ಕ ಹೇಳಿ.

ಎರಡನೇ ಪೆಟ್ಟು ಬಾಣಂತಿಯರಿಗೆ ಬೀಳುವುದರಲ್ಲಿತ್ತು, ಸ್ವಲ್ಪದರಲ್ಲಿ ತಪ್ಪಿತು. ಇದರಲ್ಲಿ ನಮ್ಮ ಬೆಂಗಳೂರೂ ಇದೆ. ಹೆರಿಗೆ ಆದ ಕೂಡಲೇ ತಾಯಿಗೆ ಹತ್ತು ಯೂನಿಟ್ ಆಕ್ಸಿಟೋಸಿನ್ ಕೊಡಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ನಿಲ್ಲುವುದು ಅದರಿಂದ. ಡೇರಿಗಳಲ್ಲಿ ದುರ್ಬಳಕೆ ಆಗುತ್ತಿದೆ ಅಂತ ಹಿಮಾಚಲ ಹೈಕೋರ್ಟ್ 2016ರಲ್ಲಿ ಎತ್ತಿದ ಮಾತಿನ ಬೆನ್ನಿಗೆ, ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಲ್ಲಿ ಒಂದು ಆದೇಶ ಹೊರಡಿಸಿತು. ದೇಶದ ಒಳಗಿನ ಬಳಕೆಗೆ ಖಾಸಗಿ ಕಂಪನಿ ಯಾವುದೂ ಇದನ್ನು ಮಾಡುವ ಹಾಗಿಲ್ಲ, ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಾಸ್ಯುಟಿಕಲ್ಸ್ ಒಂದೇ ಮಾಡಬೇಕು ಅಂತ. ಕಾರ್ಖಾನೆ ಪೀಣ್ಯದಲ್ಲಿದೆ, ಸರ್ಕಾರಿ ಕಂಪನಿ, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇಷ್ಟು ದೊಡ್ಡ ದೇಶದ ಹೆರಿಗೆ ವಾರ್ಡುಗಳೆಲ್ಲ ಒಂದೇ ಕಾರ್ಖಾನೆಯನ್ನು ನಂಬಿ, ಅದೂ 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕಾದ ಔಷಧಿಗೆ, ಕಾಯುತ್ತಾ ಕೂರಬೇಕು ಅಂದರೆ ಏನರ್ಥ? ಒಂದು ವಾರ ಲಾರಿ ತಡವಾದರೆ ಯಾವುದೋ ತಾಲ್ಲೂಕು ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳ ಜೀವ ಹೋಗುತ್ತದೆ. ಕಳ್ಳ ಬಾಟಲಿ ತಯಾರಿಸುವವನಿಗೆ ಮೊದಲೇ ಲೈಸೆನ್ಸ್ ಇಲ್ಲ, ಅವನಿಗೆ ಈ ಆದೇಶದಿಂದ ಏನೂ ಆಗುತ್ತಿರಲಿಲ್ಲ. ಅದೇ ಡಿಸೆಂಬರ್ 14ರಂದು ದೆಹಲಿ ಹೈಕೋರ್ಟ್ ಆದೇಶವನ್ನು ರದ್ದು ಮಾಡಿತು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು, 2019ರಲ್ಲಿ ವಿಷಯ ದೊಡ್ಡ ಪೀಠಕ್ಕೆ ಹೋಯಿತು.

ಅಮೆರಿಕದಲ್ಲಿ ಮಕ್ಕಳು, ಮೊಮ್ಮಕ್ಕಳು ಇರುವವರು ಕೇಳುತ್ತೀರಿ, ಅಲ್ಲಿನ ಹಾಲಿನ ಕ್ಯಾನ್ ಮೇಲೆ ಹಾರ್ಮೋನ್ ಇಲ್ಲ ಅಂತ ಬರೆದಿರುತ್ತದಲ್ಲ ಅಂತ. ಅದು ಬೇರೆ ಹಾರ್ಮೋನ್, ಆರ್‌ಬಿಎಸ್‌ಟಿ. ಹಾಲು ಹೆಚ್ಚಿಸಲು ಹಸುವಿಗೆ ಕೊಡುವುದು. ಅಮೆರಿಕ 1993ರಲ್ಲಿ ಒಪ್ಪಿತು, ಕೆನಡಾ 1999ರಲ್ಲಿ ಬೇಡ ಅಂದಿತು. ಅಲ್ಲೂ ಇದೇ ಕಥೆ ನೋಡಿ. ಕೆನಡಾದ ತಜ್ಞರು ಜನರ ಆರೋಗ್ಯಕ್ಕೆ ಹೇಳಿಕೊಳ್ಳುವ ಅಪಾಯ ಇಲ್ಲ ಅಂದರು. ಹಸುವಿಗೆ ಕೆಚ್ಚಲು ಬಾವಿನ ಅಪಾಯ ಶೇ. 25ರಷ್ಟು, ಕುಂಟು ಬೀಳುವ ಅಪಾಯ ಶೇ. 50ರಷ್ಟು ಹೆಚ್ಚುತ್ತದೆ ಅಂತ ಪಶುವೈದ್ಯರು ಹೇಳಿದ್ದಕ್ಕೆ ಅದು ನಿಂತಿತು. ಅಲ್ಲಿನ ದನದ ಮಾಂಸದ ಮಾತು ಬೇರೆ. ದನ ಬೇಗ ಬೆಳೆಯಲಿ ಅಂತ ಕಿವಿಯ ಚರ್ಮದಡಿ ಗುಳಿಗೆ ಇಟ್ಟು ಕೊಡುವ ಈಸ್ಟ್ರಡಿಯಾಲ್‌ನಂಥ ಹಾರ್ಮೋನುಗಳು ಸ್ಟೀರಾಯ್ಡ್ ಜಾತಿ, ಪ್ರೋಟೀನ್ ಅಲ್ಲ, ಬೇಳೆಯ ಹಾಗೆ ಜೀರ್ಣವಾಗಿ ಹೋಗುವುದಿಲ್ಲ. ಯುರೋಪ್ 1989ರಿಂದ ಅಂಥ ಮಾಂಸವನ್ನು ಒಳಗೆ ಬಿಟ್ಟಿಲ್ಲ. ಆ ಅನುಮಾನಕ್ಕೆ ಬುಡ ಇದೆ, ನಾನು ತಳ್ಳಿಹಾಕುವುದಿಲ್ಲ.

ಬ್ರಾಯ್ಲರ್ ಕೋಳಿಗೆ ಹಾರ್ಮೋನ್ ಅನ್ನುವುದು ಮಾತ್ರ ಗಾಳಿಮಾತು. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ತಳಿ, 2005ರ ತಳಿ ಎರಡಕ್ಕೂ ಒಂದೇ ಮೇವು ಹಾಕಿ ಸಾಕಿದರು. 56 ದಿನಕ್ಕೆ ಹಳೆಯದು 905 ಗ್ರಾಂ, ಹೊಸದು 4,202 ಗ್ರಾಂ. ತಳಿ ಆಯ್ಕೆಯ ಕೆಲಸ ಅದು. ಕೋಳಿ ವಿಷಯದಲ್ಲಿ ಕೇಳಬೇಕಾದದ್ದು ಆ್ಯಂಟಿಬಯಾಟಿಕ್ ಬಗ್ಗೆ.

ಹಾಲಿನಲ್ಲೂ ಅಷ್ಟೇ. ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ದೇಶದ ತುಂಬ 6,432 ಮಾದರಿ ಹಾಲು ಪರೀಕ್ಷಿಸಿತು. ಶೇ. 5.7ರಲ್ಲಿ ಅಫ್ಲಾಟಾಕ್ಸಿನ್ ಮಿತಿ ಮೀರಿತ್ತು. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿ, ಮುಸುಕಿನ ಜೋಳದಿಂದ ಬರುವ ವಿಷ ಅದು, ಕಾಯಿಸಿದರೂ ಹೋಗುವುದಿಲ್ಲ. ಶೇ. 1.2ರಲ್ಲಿ ಆ್ಯಂಟಿಬಯಾಟಿಕ್ ಮಿತಿ ಮೀರಿತ್ತು. ಇದಕ್ಕೆ ಯಾರೂ ಮೆಸೇಜ್ ಕಳಿಸುವುದಿಲ್ಲ. ಇಲ್ಲಿ ಡೇರಿಗೆ ಹಾಲು ಹಾಕುವವರು ಇದ್ದೀರಿ, ಹಿಂಡಿಯ ಮೂಟೆಯನ್ನು ನೆಲಕ್ಕೆ ತಾಗಿಸಬೇಡಿ, ಮರದ ಹಲಗೆ ಮೇಲಿಡಿ. ಕೆಚ್ಚಲು ಬಾವಿಗೆ ಆ್ಯಂಟಿಬಯಾಟಿಕ್ ಟ್ಯೂಬ್ ಏರಿಸಿದ ಮೇಲೆ ಡಾಕ್ಟರು ಹೇಳಿದಷ್ಟು ದಿನ ಆ ಹಾಲು ಹಾಕಬೇಡಿ. ಹಾಲಿನ ಸಂಘದ ಪದಾಧಿಕಾರಿಗಳೂ ಕೂತಿದ್ದೀರಿ, ನಿಮಗೊಂದು ಪ್ರಶ್ನೆ. ಒಂದೇ ಹಸು ಇಟ್ಟುಕೊಂಡು ಬದುಕುವವರು ಅಷ್ಟು ದಿನದ ಹಾಲು ಚೆಲ್ಲಿದರೆ ಆ ವಾರದ ಬಟವಾಡೆಯಲ್ಲಿ ಅವರ ಕೈಗೆ ಬರುವುದೆಷ್ಟು? ಆ ನಷ್ಟವನ್ನು ಸಂಘ ತುಂಬಿಕೊಡುವುದಕ್ಕೆ ಆಗುತ್ತದಾ? ಮುಂದಿನ ಮಹಾಸಭೆಯ ವಿಷಯಪಟ್ಟಿಯಲ್ಲಿ ಅದನ್ನು ಸೇರಿಸಿ. ಈಗ ನಿಮ್ಮ ಪ್ರಶ್ನೆ ಕೇಳಿ.