ಸಂಜೆ ನಾಲ್ಕಕ್ಕೆ ಅವಳಿಗೆ ನಡುರಾತ್ರಿ

ಕೇಳುಗರಿಗೆಲ್ಲ ನಮಸ್ಕಾರ.

ನಾನು ಚಿಕ್ಕಬಳ್ಳಾಪುರದವಳು. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ಈಗ ನಿವೃತ್ತಳಾಗಿದ್ದೇನೆ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮೂರಿನ ಆಕಾಶದಲ್ಲಿ ರಾತ್ರಿ ಹೊತ್ತು ವಿಮಾನದ ದೀಪ ಕಾಣುವುದು ಮಾಮೂಲು. ಅದರೊಳಗೆ ನಮ್ಮ ಮಕ್ಕಳೂ ಇರುತ್ತಾರೆ, ಅಲ್ವಾ? ಆ ಮಕ್ಕಳು ಇಳಿದು ಮನೆಗೆ ಬಂದ ಮೇಲೆ ಮೊದಲ ಒಂದು ವಾರ ಏನಾಗುತ್ತದೆ ಅನ್ನುವುದನ್ನು ಇವತ್ತು ಹೇಳಬೇಕು ಅಂದುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ನನ್ನ ಮಗಳು ಸಂಕ್ರಾಂತಿಗೆ ಬಂದಳು. ಕ್ಯಾಲಿಫೋರ್ನಿಯಾದಲ್ಲಿ ಕೆಲಸ. ಜೊತೆಗೆ ನಾಲ್ಕು ವರ್ಷದ ಮೊಮ್ಮಗ. ಇಪ್ಪತ್ತು ದಿನ ರಜೆ. ಮಾರನೇ ದಿನವೇ ನೆಂಟರೆಲ್ಲ ಮಾತಾಡಿಸಲು ಬಂದರು. ಬೀಗರ ಕಡೆಯ ಹಿರಿಯರೊಬ್ಬರು ಎಳ್ಳುಬೆಲ್ಲ ಹಿಡಿದು ಬಂದಾಗ ಸಂಜೆ ನಾಲ್ಕು ಗಂಟೆ. ಅವರು ಮಾತಾಡುತ್ತಲೇ ಇದ್ದರು, ಇವಳು ಕೂತಲ್ಲೇ ತೂಕಡಿಸಿದಳು. ಎರಡು ಸಲ ಎಬ್ಬಿಸಿದೆ. ಮೂರನೇ ಸಲ ಗೋಡೆಗೆ ಒರಗಿ ನಿದ್ದೆಯೇ ಹೋದಳು. ಹೋಗುವಾಗ ಅವರು ಬಾಗಿಲಲ್ಲಿ ನಿಂತು ಹೇಳಿದರು: "ಅಮೆರಿಕಾಗೆ ಹೋದ ಮೇಲೆ ನಮ್ಮ ಮಾತೆಲ್ಲ ಎಲ್ಲಿ ರುಚಿಸುತ್ತದೆ ಬಿಡಮ್ಮ."

ನನಗೂ ಮುಜುಗರವಾಗಿ ಮಗಳ ಮೇಲೆ ರೇಗಿದೆ. ಅವಳು ಅತ್ತಳು. ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಜನವರಿಯಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ. ನಮಗೆ ಸಂಜೆ ನಾಲ್ಕು ಅಂದರೆ ಅಲ್ಲಿ ರಾತ್ರಿ ಎರಡೂವರೆ. ಮಗಳು ನಮ್ಮ ಜಗಲಿಯಲ್ಲಿ ಕೂತಿದ್ದಳು, ಅವಳ ದೇಹ ಮಾತ್ರ ಇನ್ನೂ ಆ ಊರಿನ ನಡುರಾತ್ರಿಯಲ್ಲಿತ್ತು. ರಾತ್ರಿ ಎರಡೂವರೆಗೆ ಎಬ್ಬಿಸಿ ಕೂರಿಸಿದರೆ ನಾನಾದರೂ ಎಷ್ಟು ಹೊತ್ತು ಕಣ್ಣು ಬಿಟ್ಟುಕೊಂಡಿರಬಲ್ಲೆ?

ಇದಕ್ಕೆ ಜೆಟ್ ಲ್ಯಾಗ್ ಅನ್ನುತ್ತಾರೆ. ತುಂಬ ಜನ ಇದನ್ನು ಪ್ರಯಾಣದ ಸುಸ್ತು ಅಂದುಕೊಳ್ಳುತ್ತಾರೆ. ಎರಡೂ ಬೇರೆ. ಸುಸ್ತು ಒಂದು ರಾತ್ರಿ ಚೆನ್ನಾಗಿ ಮಲಗಿದರೆ ಇಳಿಯುತ್ತದೆ. ಇದು ಹಾಗೆ ಇಳಿಯುವುದಿಲ್ಲ.

ನಮ್ಮ ಕಡೆ ರಸ್ತೆ ಬದಿಯ ಹುಣಸೆ ಮರ ನೋಡಿದ್ದೀರಲ್ಲ? ಕತ್ತಲಾಗುತ್ತಿದ್ದ ಹಾಗೆ ಎಲೆ ಮಡಚಿಕೊಳ್ಳುತ್ತದೆ, ಬೆಳಗ್ಗೆ ಬಿಚ್ಚುತ್ತದೆ. ಮುಟ್ಟಿದರೆ ಮುನಿ ಗಿಡವೂ ಹಾಗೆಯೇ. 1729ರಲ್ಲಿ ಫ್ರಾನ್ಸಿನ ಡಿ ಮೈರಾನ್ ಎಂಬ ಖಗೋಳ ವಿಜ್ಞಾನಿ ಆ ಜಾತಿಯ ಗಿಡವನ್ನು ಕತ್ತಲೆಯಲ್ಲಿ ಇಟ್ಟು ನೋಡಿದರು. ಬಿಸಿಲೇ ಬೀಳದಿದ್ದರೂ ಹಗಲಾದಾಗ ಅದರ ಎಲೆ ಬಿಚ್ಚಿಕೊಂಡಿತು. ಅಂದರೆ ಗಿಡದ ಒಳಗೇ ಒಂದು ಗಡಿಯಾರ ಇದೆ. ಹಣ್ಣಿನ ನೊಣದ ಒಳಗೆ ಆ ಗಡಿಯಾರ ಹೇಗೆ ನಡೆಯುತ್ತದೆ ಎಂದು ಬಿಡಿಸಿ ತೋರಿಸಿದ ಹಾಲ್, ರೋಸ್‌ಬ್ಯಾಷ್, ಯಂಗ್ ಎಂಬ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು.

ನಮಗೆ ಆ ಗಡಿಯಾರ ಮಿದುಳಿನ ಬುಡದಲ್ಲಿದೆ. ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುತ್ತವಲ್ಲ, ಆ ಜಾಗದ ಸ್ವಲ್ಪ ಮೇಲೆ, ಸುಮಾರು 20,000 ನರಕೋಶಗಳ ಒಂದು ಪುಟ್ಟ ಗುಂಪು. ಯಾವಾಗ ನಿದ್ದೆ, ಯಾವಾಗ ಹಸಿವು, ಮೈ ಯಾವಾಗ ಬಿಸಿಯೇರಬೇಕು, ಯಾವಾಗ ತಣ್ಣಗಾಗಬೇಕು, ಎಲ್ಲ ಅದರ ಹಿಡಿತದಲ್ಲಿ. ಆ ಗಡಿಯಾರದ ಹೊತ್ತನ್ನು ಸರಿಹೊಂದಿಸುವುದು ಕಣ್ಣಿಗೆ ಬೀಳುವ ಬೆಳಕು. ಆದರೆ ದಿನಕ್ಕೆ ಒಂದು ಗಂಟೆ, ಜಾಸ್ತಿ ಅಂದರೆ ಒಂದೂವರೆ ಗಂಟೆ ಮಾತ್ರ ಅದು ಸರಿಯುತ್ತದೆ. ನಮ್ಮ ಪಕ್ಕದ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ವಿಶ್ವೇಶ್ವರಯ್ಯನವರು 1898ರಲ್ಲಿ ಜಪಾನಿಗೆ ಹೋಗಿ ಬಂದರು. ಆಗ ಹಡಗು. ಹಡಗು ನಿಧಾನ, ದಿನಕ್ಕೆ ಸ್ವಲ್ಪ ಸ್ವಲ್ಪವೇ ಹೊತ್ತು ಬದಲಾಗುತ್ತದೆ. ದೇಹ ಅದರ ಜೊತೆಗೇ ಹೊಂದಿಕೊಂಡು ಹೋಗುತ್ತದೆ. ಈಗ ನೋಡಿ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ 2021ರ ಜನವರಿಯಲ್ಲಿ ನೇರ ವಿಮಾನ ಶುರುವಾಯಿತು, ಸುಮಾರು 17 ಗಂಟೆಯ ಹಾದಿ. ಒಂದೇ ಸಲಕ್ಕೆ ಹಗಲು ರಾತ್ರಿ ಅದಲುಬದಲು. ಒಳಗಿನ ಗಡಿಯಾರಕ್ಕೆ ಅದನ್ನು ಸರಿಮಾಡಿಕೊಳ್ಳಲು ಒಂದು ವಾರವಾದರೂ ಬೇಕು. ಅದು ಸೋಮಾರಿತನವೂ ಅಲ್ಲ, ಜಂಬವೂ ಅಲ್ಲ.

ಹಾಗಾದರೆ ಏನು ಮಾಡಬೇಕು? ಬೆಳಕೇ ಔಷಧಿ. ಆದರೆ ಹೊತ್ತು ನೋಡಿ ತೆಗೆದುಕೊಳ್ಳಬೇಕಾದ ಔಷಧಿ.

ಬೆಳಗಿನ ಜಾವ, ಸುಮಾರು ನಾಲ್ಕು ಗಂಟೆಗೆ, ಮೈಯ ಶಾಖ ತೀರಾ ಇಳಿದಿರುತ್ತದೆ. ಅದಕ್ಕೆ ಮುಂಚಿನ ಗಂಟೆಗಳಲ್ಲಿ ಕಣ್ಣಿಗೆ ಬೆಳಕು ಬಿದ್ದರೆ ಒಳಗಿನ ಗಡಿಯಾರ ಹಿಂದಕ್ಕೆ ಸರಿಯುತ್ತದೆ. ಅದಾದ ಮೇಲೆ ಬಿದ್ದರೆ ಮುಂದಕ್ಕೆ ಸರಿಯುತ್ತದೆ. ನಮ್ಮ ಪರಿಚಯದವರ ಮಗ ಲಂಡನ್ನಿನಿಂದ ಬಂದಿದ್ದ. ಬಂದ ಮಾರನೇ ದಿನವೇ ಗೆಳೆಯರು ಸೂರ್ಯೋದಯ ತೋರಿಸಲು ನಂದಿ ಬೆಟ್ಟಕ್ಕೆ ಕರೆದುಕೊಂಡು ಹೋದರು. ನಮ್ಮ ಬೆಳಗಿನ ಆರು ಗಂಟೆ, ಚಳಿಗಾಲದಲ್ಲಿ ಲಂಡನ್ನಿಗೆ ರಾತ್ರಿ ಹನ್ನೆರಡೂವರೆ. ಆ ಹೊತ್ತಿನ ಬೆಳಕು ಗಡಿಯಾರವನ್ನು ಇನ್ನಷ್ಟು ಲಂಡನ್ ಕಡೆಗೇ ಎಳೆಯುತ್ತದೆ. ಅಲ್ಲಿಂದ ಬಂದವರು ಮೊದಲ ಎರಡು ಮೂರು ದಿನ ಹತ್ತು ಗಂಟೆಯ ಮೇಲೆ ಬಿಸಿಲಿಗೆ ಬರಲಿ. ನಂದಿ ಬೆಟ್ಟ ಎಲ್ಲೂ ಹೋಗುವುದಿಲ್ಲ, ನಾಲ್ಕನೇ ದಿನ ಹತ್ತಬಹುದು.

ಕ್ಯಾಲಿಫೋರ್ನಿಯಾದ ಲೆಕ್ಕ ಬೇರೆ. ಅಲ್ಲಿನ ಬೆಳಗಿನ ಜಾವ ನಾಲ್ಕು ನಮಗೆ ಸಂಜೆ ಐದೂವರೆ. ಅಷ್ಟು ದೂರದಿಂದ ಬಂದವರಿಗೆ ದಿನವನ್ನು ಹಿಗ್ಗಿಸುವುದೇ, ಅಂದರೆ ಗಡಿಯಾರವನ್ನು ಹಿಂದಕ್ಕೆ ಸರಿಸುವುದೇ ಸುಲಭ, ಯಾಕೆಂದರೆ ನಮ್ಮ ಒಳಗಡಿಯಾರ ಇಪ್ಪತ್ನಾಲ್ಕು ಗಂಟೆಗಿಂತ ಸ್ವಲ್ಪ ಉದ್ದವಾಗಿಯೇ ಓಡುತ್ತದೆ. ಅದಕ್ಕೇ ಮಧ್ಯಾಹ್ನ ಮೂರರಿಂದ ಐದರವರೆಗೆ, ಕಣ್ಣು ಎಳೆಯುವ ಹೊತ್ತಿನಲ್ಲೇ, ಹೊರಗೆ ಬೆಳಕಿನಲ್ಲಿ ಓಡಾಡಬೇಕು. ಕಷ್ಟ, ನಿಜ. ಕತ್ತಲಾದ ಮೇಲೆ ಮನೆಯಲ್ಲಿ ದೀಪ ಕಡಿಮೆ ಇರಲಿ. ತೀರಾ ತಡೆಯದಿದ್ದರೆ ಊಟದ ನಂತರ ಅರ್ಧ ಗಂಟೆ ಮಲಗಲಿ, ಅಲಾರಂ ಇಟ್ಟುಕೊಂಡು. ಇನ್ನು ಕಾಫಿ. ಬಂದ ನೆಂಟರ ಜೊತೆಗೆಲ್ಲ ಒಂದೊಂದು ಲೋಟ ಕುಡಿಸುತ್ತೇವಲ್ಲ, ಮಧ್ಯಾಹ್ನದ ಮೇಲೆ ಅದು ಬೇಡ. ಕುಡಿದ ಕೆಫೀನಿನಲ್ಲಿ ಅರ್ಧ ಇಳಿಯುವುದಕ್ಕೇ ಸುಮಾರು ಐದು ಗಂಟೆ ಬೇಕು.

ಮಕ್ಕಳ ವಿಷಯ ನನಗೆ ಬಹಳ ಮುಖ್ಯ. ಆ ಸಲ ಮೊಮ್ಮಗ ರಾತ್ರಿ ಎರಡೂವರೆಗೆ ಎದ್ದು "ಅಜ್ಜೀ, ಊಟ" ಅಂದ. ಅವನ ಊರಲ್ಲಿ ಆಗ ಮಧ್ಯಾಹ್ನ ಒಂದು ಗಂಟೆ, ಹಸಿವು ಸಹಜ. ಮೊದಲ ರಾತ್ರಿ ಗದರಿಸಿ ಮಲಗಿಸಲು ನೋಡಿದೆವು. ಮನೆಯೆಲ್ಲ ರಂಪ. ಮಾರನೇ ರಾತ್ರಿ ನಾನೇ ಎದ್ದೆ. ದೊಡ್ಡ ದೀಪ ಹಾಕಲಿಲ್ಲ, ಟಿವಿ, ಮೊಬೈಲು ಯಾವುದೂ ಇಲ್ಲ. ಅಡುಗೆಮನೆಯ ಸಣ್ಣ ದೀಪದಲ್ಲಿ ಎರಡು ತುತ್ತು ಮೊಸರನ್ನ ಕೊಟ್ಟು ಮಡಿಲಲ್ಲಿ ಕೂರಿಸಿಕೊಂಡೆ. ಹೊರಗೆ ಹೂವಿನ ಮಾರುಕಟ್ಟೆಗೆ ಹೋಗುವ ಗಾಡಿಗಳ ಸದ್ದು. "ಅದರಲ್ಲಿ ಏನಿದೆ ಅಜ್ಜಿ?" ಅಂದ. ಸೇವಂತಿಗೆ, ಗುಲಾಬಿ ಅಂತ ಒಂದೊಂದೇ ಹೇಳುತ್ತಾ ಹೋದೆ. ಐದನೇ ರಾತ್ರಿ ನಾಲ್ಕೂವರೆವರೆಗೆ ಮಲಗಿದ. ಎಂಟನೇ ರಾತ್ರಿ ಏಳಲೇ ಇಲ್ಲ.

ಊಟದ ವೇಳೆಯೂ ಗಡಿಯಾರಕ್ಕೆ ಸ್ವಲ್ಪ ಸಹಾಯ ಮಾಡುತ್ತದೆ. ಬಂದ ರಾತ್ರಿಯೇ ಮುದ್ದೆ, ನಾಟಿಕೋಳಿ ಸಾರು ಬಡಿಸಬೇಕು ಅನ್ನುವ ಆಸೆ ನನಗೂ ಗೊತ್ತು. ಅದನ್ನು ಮೂರನೇ ದಿನದ ಮಧ್ಯಾಹ್ನಕ್ಕೆ ಇಟ್ಟುಕೊಳ್ಳಿ.

ಮಗಳ ಬಾಣಂತನಕ್ಕೆಂದು ಆ ಕಡೆ ಹೋಗುವ ಹಿರಿಯರಿಗೆ ಒಂದು ಮಾತು. ನಮ್ಮ ಯಜಮಾನರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ನಾವು ಮೊದಲ ಸಲ ಹೋದಾಗ ಅವರು ವಿಮಾನದಲ್ಲಿ ಕೈಗಡಿಯಾರ ನೋಡಿ, ಎಂಟು ಗಂಟೆಯಾಯಿತು ಎಂದು ಚುಚ್ಚಿಕೊಂಡರು. ಊಟ ಬರುವುದು ತುಂಬ ತಡವಾಯಿತು. ರಕ್ತದಲ್ಲಿ ಸಕ್ಕರೆ ಇಳಿದು, ಮೈಯೆಲ್ಲ ಬೆವರಿ ಕೈ ನಡುಗಲು ಶುರುವಾಯಿತು. ಕೈಚೀಲದಲ್ಲಿ ಬೆಲ್ಲದ ಉಂಡೆ ಇತ್ತು, ಬದುಕಿದೆವು. ಆ ಕಾಲು ಗಂಟೆಯನ್ನು ನಾನು ಮರೆಯುವುದಿಲ್ಲ. ದಯವಿಟ್ಟು ಹೊರಡುವ ಮುಂಚೆ ನಿಮ್ಮ ಡಾಕ್ಟರ ಹತ್ತಿರ ಕೂತು, ಯಾವ ಔಷಧಿ ಯಾವ ಊರಿನ ಯಾವ ಗಂಟೆಗೆ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಇನ್ಸುಲಿನ್ ಕೈಚೀಲದಲ್ಲೇ ಇರಲಿ, ಕೆಳಗೆ ಹಾಕುವ ಸೂಟ್‌ಕೇಸಿನಲ್ಲಿ ಬೇಡ, ಅಲ್ಲಿ ಹೆಪ್ಪುಗಟ್ಟಿ ಕೆಡಬಹುದು. ವಿಮಾನದ ಒಳಗಿನ ಗಾಳಿ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನ ಹಾಗೆ ತೆಳುವಾಗಿರುತ್ತದೆ. ನಂದಿ ಬೆಟ್ಟ 4,851 ಅಡಿ ಅಷ್ಟೇ. ಗಾಳಿ ಒಣಗಿರುತ್ತದೆ, ಆಗಾಗ ನೀರು ಕುಡಿಯಿರಿ. ಎದ್ದು ನಾಲ್ಕು ಹೆಜ್ಜೆ ನಡೆಯಿರಿ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಾರದು. ಯಾರೋ ಕೊಟ್ಟ ನಿದ್ದೆ ಮಾತ್ರೆ ನುಂಗಬೇಡಿ.

ಮತ್ತೆ, ನಡುರಾತ್ರಿ ಇಳಿದವರ ಕೈಗೆ ಕಾರು ಕೊಡಬೇಡಿ. ದೇವನಹಳ್ಳಿಯಿಂದ ನಮ್ಮೂರು ಹತ್ತಿರವೇ, ಹೆದ್ದಾರಿ ನೇರ. ನೇರ ರಸ್ತೆಯಲ್ಲೇ ಕಣ್ಣು ಮುಚ್ಚಿಕೊಳ್ಳುವುದು. ಮನೆಯಿಂದ ಯಾರಾದರೂ ಮಲಗಿ ಎದ್ದವರು ಹೋಗಿ ಕರೆದುಕೊಂಡು ಬನ್ನಿ.

ಇದನ್ನೆಲ್ಲ ಓದಿಕೊಳ್ಳುವಾಗ ನನಗೆ ವಿಮಾನವನ್ನೇ ಹತ್ತದ ಎಷ್ಟೋ ಜನ ನೆನಪಾದರು. ರಾತ್ರಿ ಪಾಳಿಯಲ್ಲಿ ತ್ರೀ ಫೇಸ್ ಕರೆಂಟ್ ಬಂದಾಗ ಎದ್ದು ಮೋಟಾರ್ ಹಾಕಲು ಹೋಗುವ ರೈತರು. ಹುಳು ಹಣ್ಣಾಗುವ ದಿನಗಳಲ್ಲಿ ರಾತ್ರಿಯೂ ಕಣ್ಣು ಮುಚ್ಚದ ಶಿಡ್ಲಘಟ್ಟದ ಕಡೆಯ ರೇಷ್ಮೆ ಮನೆಗಳವರು. ಈ ವಾರ ಹಗಲು, ಮುಂದಿನ ವಾರ ರಾತ್ರಿ ಎಂದು ನರಸಾಪುರದ ಕಾರ್ಖಾನೆಗಳಿಗೆ ಹೋಗುವ ಹುಡುಗಿಯರು. ಅವರ ಒಳಗಡಿಯಾರವೂ ಹೀಗೇ ತಡಕಾಡುತ್ತದೆ, ಅದೂ ವರ್ಷವಿಡೀ. ರಾತ್ರಿ ದುಡಿದು ಬಂದವರು ಹಗಲು ಮಲಗಿದ್ದರೆ ಕಿಟಕಿಗೆ ಒಂದು ದಪ್ಪ ಬಟ್ಟೆ ಕಟ್ಟಿ. ಟಿವಿ ಸದ್ದು ತಗ್ಗಿಸಿ.

ಮಗಳು ಈ ಸಂಕ್ರಾಂತಿಗೂ ಬರುತ್ತಿದ್ದಾಳೆ. ಬೀಗರ ಮನೆಗೆ ನಾನೇ ಹೋಗಿ ಎಲ್ಲ ವಿವರಿಸಿ ಬಂದೆ. ಆ ಹಿರಿಯರು ಪೂರ್ತಿ ಕೇಳಿದರು. ಆಮೇಲೆ, "ಹಾಗಿದ್ದರೆ ನಾನು ಐದನೇ ದಿನ, ಬೆಳಗ್ಗೆ ಹತ್ತಕ್ಕೆ ಬರುತ್ತೇನೆ, ಅವಳು ಎದ್ದಿರುತ್ತಾಳಲ್ಲ?" ಎಂದು ಕೇಳಿದರು. ಎದ್ದಿರುತ್ತಾಳೆ ಅಂದೆ. ಮಧ್ಯಾಹ್ನ ಮೂರಕ್ಕೆ ಮಗಳನ್ನೂ ಮೊಮ್ಮಗನನ್ನೂ ಕರೆದುಕೊಂಡು ಕೂರಲು ಹಿತ್ತಿಲಿನ ಹುಣಸೆ ಮರದ ಪಕ್ಕ, ಬಿಸಿಲು ಬೀಳುವ ಕಡೆ, ಎರಡು ಕುರ್ಚಿ ಹಾಕಿಟ್ಟಿದ್ದೇನೆ.

ನಮಸ್ಕಾರ.