ಕಪ್ಪು ಬಿಳುಪು ಬೀದಿಯಲ್ಲೇ ಶುರುವಾಗಬೇಕು

ಎಲ್ಲರಿಗೂ ನಮಸ್ಕಾರ.

ನೀವು ಕಳಿಸಿದ ಬೀದಿ ಫೋಟೋಗಳನ್ನು ನೋಡಿದೆ. ಅರ್ಧಕ್ಕಿಂತ ಜಾಸ್ತಿ ಕಪ್ಪು ಬಿಳುಪು. ಯಾಕೆ ಅಂತ ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, "ಕಲರ್‌ನಲ್ಲಿ ಚೆನ್ನಾಗಿ ಕಾಣ್ತಿರಲಿಲ್ಲ ಸಾರ್." ಇವತ್ತು ನನ್ನ ಜಗಳ ಇರುವುದು ಈ ಉತ್ತರದ ಜೊತೆ. ಬಣ್ಣದಲ್ಲಿ ಸೋತ ಫೋಟೋ ಬಣ್ಣ ತೆಗೆದ ಕೂಡಲೇ ಗೆಲ್ಲುವುದಿಲ್ಲ. ಕಪ್ಪು ಬಿಳುಪು ಬೇಕೋ ಬೇಡವೋ ಅನ್ನುವುದನ್ನು ಬೀದಿಯಲ್ಲಿ ನಿಂತಾಗಲೇ ತೀರ್ಮಾನ ಮಾಡಬೇಕು.

ಮೈಸೂರಿನ ದೇವರಾಜ ಮಾರುಕಟ್ಟೆಯನ್ನೇ ತೆಗೆದುಕೊಳ್ಳಿ. ಅಲ್ಲಿ ಕೆಂಪು, ನೀಲಿ, ಗುಲಾಬಿ ಪುಡಿಗಳನ್ನು ಗೋಪುರದ ಹಾಗೆ ಪೇರಿಸಿಟ್ಟಿರುತ್ತಾರೆ. ಅದನ್ನು ಕಪ್ಪು ಬಿಳುಪು ಮಾಡಿದರೆ ಉಳಿಯುವುದು ಬೂದು ಗುಡ್ಡೆಗಳು, ಅಷ್ಟೇ. ಅಲ್ಲಿ ಬಣ್ಣವೇ ವಿಷಯ. ಈಗ ಬೆಂಗಳೂರಿನ ಕೆ.ಆರ್. ಮಾರ್ಕೆಟ್ಟಿಗೆ ಬನ್ನಿ. ಬೆಳಗಿನ ಹೊತ್ತು, ಮೇಲಿನಿಂದ ಒಂದು ಪಟ್ಟಿ ಬೆಳಕು ಬೀಳುತ್ತಿರುತ್ತದೆ. ಮೂಟೆ ಹೊತ್ತವರು ಕತ್ತಲಿನಿಂದ ಅದರೊಳಗೆ ಬಂದು ಮತ್ತೆ ಕತ್ತಲಿಗೆ ಹೋಗುತ್ತಾರೆ. ಅಲ್ಲಿ ಬೆಳಕೇ ವಿಷಯ. ಹಳದಿ ಪ್ಲಾಸ್ಟಿಕ್ ಕವರು, ನೀಲಿ ಟಾರ್ಪಾಲು ಕಣ್ಣನ್ನು ಸುಮ್ನೆ ಬೇರೆ ಕಡೆ ಎಳೆಯುತ್ತವೆ. ಅಲ್ಲಿ ಬಣ್ಣ ತೆಗೆಯುವುದಕ್ಕೆ ಕಾರಣ ಇದೆ. ಅಂದಹಾಗೆ, ಮೊದಲ ಮಹಡಿಯಿಂದ ಕೆಳಗೆ ನೋಡಿ ಹೂವಿನ ರಾಶಿ ತೆಗೆಯುವ ಆ ಫೋಟೋ ಇದೆಯಲ್ಲ, ಅದನ್ನು ಬೆಂಗಳೂರಿನಲ್ಲಿ ಕ್ಯಾಮೆರಾ ಇರುವವರೆಲ್ಲ ತೆಗೆದಾಗಿದೆ. ನೀವೂ ಒಂದು ತೆಗೆಯಿರಿ, ಆಮೇಲೆ ಮರೆತುಬಿಡಿ.

ಬಣ್ಣದ ಪರವಾಗಿ ವಾದ ಮಾಡಿದ ದೊಡ್ಡವರಿದ್ದಾರೆ. ಜೈಪುರದ ಫೋಟೋಗ್ರಾಫರ್ ರಘುಬೀರ್ ಸಿಂಗ್ ಬದುಕಿಡೀ ನಮ್ಮ ದೇಶದ ಬೀದಿಗಳನ್ನು ಬಣ್ಣದಲ್ಲೇ ತೆಗೆದರು. ಭಾರತವನ್ನು ನೋಡುವ ರೀತಿಯಲ್ಲೇ ಬಣ್ಣ ಇದೆ ಅನ್ನುವುದು ಅವರ ನಿಲುವು. ಅವರ ಮಾತು ನನಗೆ ಮುಕ್ಕಾಲು ಪಾಲು ಒಪ್ಪಿಗೆ. ಉಳಿದ ಕಾಲು ಭಾಗಕ್ಕೆ ನಾನು ಫೋಟೋಗ್ರಾಫರ್ ಟಿ.ಎಸ್. ಸತ್ಯನ್ ಅವರ ಕಪ್ಪು ಬಿಳುಪು ಚಿತ್ರಗಳನ್ನು ನೋಡುತ್ತೇನೆ. ಇಂಥ ಮಾತು ಬಂದಾಗ ಎಲ್ಲರೂ ಪ್ಯಾರಿಸ್ಸಿನ ಫೋಟೋಗ್ರಾಫರ್‌ಗಳ ಹೆಸರು ಹೇಳುತ್ತಾರೆ, ನಾನು ಮೈಸೂರಿನವರ ಹೆಸರು ಹೇಳ್ತೀನಿ. ಸತ್ಯನ್ ಹುಟ್ಟಿದ್ದು 1923ರಲ್ಲಿ. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳ ಪ್ರದರ್ಶನ ನ್ಯೂಯಾರ್ಕ್‌ನಲ್ಲಿ, ವಿಶ್ವಸಂಸ್ಥೆಯ ಕಚೇರಿಯಲ್ಲೇ ನಡೆಯಿತು. ಅವರ ಚಿತ್ರಗಳಲ್ಲಿ ಸಾಮಾನ್ಯ ಜನ ಇದ್ದಾರೆ. ಆದರೆ ಯಾರೂ ಪಾಪದವರಾಗಿ ಕಾಣುವುದಿಲ್ಲ. ನಮ್ಮಲ್ಲಿ ಕಪ್ಪು ಬಿಳುಪು ಅಂದ ಕೂಡಲೇ ಸುಕ್ಕುಗಟ್ಟಿದ ಮುಖ, ಭಿಕ್ಷೆಯ ತಟ್ಟೆ ಹುಡುಕುತ್ತಾರೆ. ಸುಕ್ಕಿನ ಮೇಲೆ ಕಾಂಟ್ರಾಸ್ಟ್ ಏರಿಸಿದರೆ ಲೈಕ್ ಬರುತ್ತದೆ, ನಿಜ. ಆ ಮನುಷ್ಯನ ಬಗ್ಗೆ ಅದರಿಂದ ಏನು ಗೊತ್ತಾಯಿತು?

ಸರಿ, ಕೆಲಸದ ಮಾತಿಗೆ ಬರೋಣ. ದೂರದಿಂದ ಟೆಲಿ ಲೆನ್ಸ್‌ನಲ್ಲಿ ಕದ್ದು ತೆಗೆಯುವುದು ನನಗೆ ಇಷ್ಟವಿಲ್ಲ. ಅದರಲ್ಲಿ ಬೀದಿಯೇ ಇರುವುದಿಲ್ಲ, ಒಂದು ತಲೆ ಮಾತ್ರ ಇರುತ್ತದೆ. ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಕ್ಯಾಮೆರಾಕ್ಕೆ ಅಗಲ ನೋಟದ 28 ಎಂಎಂ ಲೆನ್ಸ್ ಹಾಕಿ. ಅಪರ್ಚರ್, ಅಂದರೆ ಲೆನ್ಸಿನ ಬೆಳಕಿನ ಕಿಂಡಿ, ಎಫ್ 8 ಇಡಿ. ಫೋಕಸನ್ನು ಎರಡೂವರೆ ಮೀಟರ್‌ಗೆ ಕೈಯಿಂದಲೇ ಇಟ್ಟು ಬಿಟ್ಟುಬಿಡಿ. ಆಗ ಹೆಚ್ಚುಕಡಿಮೆ ಒಂದೂವರೆ ಮೀಟರ್‌ನಿಂದ ಹತ್ತು ಮೀಟರ್‌ವರೆಗೆ ಎಲ್ಲವೂ ಸ್ಪಷ್ಟವಾಗಿರುತ್ತದೆ. ಕ್ಯಾಮೆರಾ ಫೋಕಸ್ ಹುಡುಕುತ್ತಾ ಕೂರುವ ಪ್ರಶ್ನೆಯೇ ಇಲ್ಲ. ನಡೆಯುವವರಿಗೆ ಶಟರ್ 1/250 ಸೆಕೆಂಡ್ ಸಾಕು, ಓಡುವವರಿದ್ದರೆ 1/500. ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಐಎಸ್‌ಒ ಆಟೋದಲ್ಲಿರಲಿ. ಬಿಸಿಲು ನೆರಳು ಕಲಸಿಕೊಂಡಿರುವ ಕಡೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಇಳಿಸಿ. ಕಪ್ಪಿನೊಳಗಿಂದ ಸ್ವಲ್ಪ ವಿವರ ಆಮೇಲೆ ಎತ್ತಬಹುದು. ಬಿಸಿಲಿಗೆ ಬೆಳ್ಳಗೆ ಸುಟ್ಟುಹೋದ ಮಲ್ಲಿಗೆಯನ್ನು ಯಾರೂ ವಾಪಸ್ ತರಲಾರರು.

ಆಮೇಲೆ ನಿಲ್ಲಿ. ಮನುಷ್ಯರ ಹಿಂದೆ ಓಡಬೇಡಿ. ಬೆಳಕು ಬೀಳುವ ಜಾಗ ನೋಡಿಕೊಂಡು ಅಲ್ಲೇ ಕಾಯಿರಿ. ಮೊದಲು ಎಲ್ಲರೂ ನಿಮ್ಮನ್ನೇ ನೋಡುತ್ತಾರೆ. "ಏನ್ ಸಾರ್, ಪೇಪರ್‌ಗಾ?" ಅಂತ ಕೇಳುತ್ತಾರೆ. ಉತ್ತರ ಕೊಡಿ, ಒಂದು ಮೊಳ ಹೂವು ಕೊಳ್ಳಿ. ಸ್ವಲ್ಪ ಹೊತ್ತಿಗೆ ಅವರಿಗೆ ಅವರ ವ್ಯಾಪಾರ, ನಿಮಗೆ ನಿಮ್ಮದು. ಪೋಸ್ ಇಲ್ಲದ ಕ್ಯಾಂಡಿಡ್ ಫೋಟೋ ಸಿಗುವುದು ಆಗ.

ಯಾರಾದರೂ ಬೇಡ ಅಂದರೆ ಬೇಡ. ಅಳಿಸಿ ಅಂದರೆ ಅವರ ಎದುರೇ ಅಳಿಸಿ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತಲ್ಲ, ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಹೈಕೋರ್ಟಿನಲ್ಲೇ ನ್ಯಾಯಮೂರ್ತಿಯಾಗಿದ್ದವರು. ಆದರೆ ಇದಕ್ಕೆ ಕೋರ್ಟಿನ ತನಕ ಹೋಗಬೇಕಾಗಿಲ್ಲ, ಎದುರಿಗಿರುವವರ ಮುಖ ನೋಡಿದರೆ ಗೊತ್ತಾಗುತ್ತದೆ ಅಲ್ವಾ?

ಎಡಿಟಿಂಗ್ ಅಂದರೆ ಮೊದಲು ಆಯ್ಕೆ. ಸ್ಲೈಡರ್‌ಗಳ ಕೆಲಸ ಆಮೇಲೆ. ಅಮೆರಿಕದ ಬೀದಿ ಫೋಟೋಗ್ರಾಫರ್ ಗ್ಯಾರಿ ವಿನೋಗ್ರಾಂಡ್ 1984ರಲ್ಲಿ ತೀರಿಕೊಂಡಾಗ ಸುಮಾರು 2,500 ಫಿಲ್ಮ್ ರೋಲ್‌ಗಳನ್ನು ಇನ್ನೂ ಡೆವಲಪ್ ಕೂಡ ಮಾಡಿರಲಿಲ್ಲ. ಅವರು ಬೇಕಂತಲೇ ತಡಮಾಡುತ್ತಿದ್ದರು. ತೆಗೆದ ದಿನದ ಖುಷಿ ಇಳಿದ ಮೇಲೆ ಚಿತ್ರವನ್ನು ಚಿತ್ರವಾಗಿ ನೋಡಬಹುದು ಅನ್ನುವುದು ಅವರ ಲೆಕ್ಕ. ಅಷ್ಟು ತಡ ಬೇಡ. ಆದರೆ ಮೆಟ್ರೋದಲ್ಲಿ ಮನೆಗೆ ವಾಪಸ್ ಬರುವಾಗಲೇ ಪೋಸ್ಟ್ ಮಾಡುವ ಚಪಲ ಬಿಡಿ.

ಈಗ ಬಣ್ಣ ತೆಗೆಯುವ ಕೆಲಸ. ಫೋಟೋವನ್ನು ರಾ ಫೈಲ್‌ನಲ್ಲೇ, ಅಂದರೆ ಸೆನ್ಸರ್ ಕಂಡದ್ದನ್ನೆಲ್ಲ ಉಳಿಸುವ ಫೈಲ್‌ನಲ್ಲೇ ಕ್ಲಿಕ್ ಮಾಡಿ, ಆದರೆ ಕ್ಯಾಮೆರಾದ ಸ್ಕ್ರೀನನ್ನು ಮೊನೊಕ್ರೋಮ್‌ಗೆ ಇಡಿ. ನಿಮಗೆ ಬೂದು ಕಾಣುತ್ತದೆ, ಫೈಲಿನಲ್ಲಿ ಬಣ್ಣ ಪೂರ್ತಿ ಉಳಿದಿರುತ್ತದೆ. ಆ ಬಣ್ಣ ಮುಂದೆ ಬೇಕಾಗುತ್ತದೆ. ಬಣ್ಣದ ಗಾಢತೆಯ ಸ್ಯಾಚುರೇಷನ್ ಸ್ಲೈಡರನ್ನು ಸೊನ್ನೆಗೆ ಎಳೆದು ಕೆಲಸ ಮುಗೀತು ಅಂದುಕೊಂಡರೆ ಕೆಂಪು ಸೀರೆ, ಹಸಿರು ಬಾಳೆ ಎಲೆ ಎರಡೂ ಒಂದೇ ಬೂದು ಆಗಿಬಿಡಬಹುದು. ಸೀರೆ ಎಲ್ಲಿ ಮುಗಿಯಿತು, ಎಲೆ ಎಲ್ಲಿ ಶುರುವಾಯಿತು ಅಂತಲೇ ತಿಳಿಯುವುದಿಲ್ಲ. ಅದಕ್ಕೇ ಎಡಿಟಿಂಗ್ ಸಾಫ್ಟ್‌ವೇರಿನ ಬ್ಲ್ಯಾಕ್ ಅಂಡ್ ವೈಟ್ ಮಿಕ್ಸರ್‌ನಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಸ್ಲೈಡರ್ ಇರುವುದು. ಕೆಂಪು ಇಳಿಸಿ, ಹಸಿರು ಏರಿಸಿ, ಎರಡೂ ಬೇರೆಯಾಗುತ್ತವೆ. ನೀಲಿ ಇಳಿಸಿದರೆ ಆಕಾಶ ಗಾಢವಾಗುತ್ತದೆ. ಜಾಸ್ತಿ ಇಳಿಸಿದರೆ ಕಲೆಕಲೆಯಾಗಿ ಒಡೆದುಕೊಳ್ಳುತ್ತದೆ.

ಎಲ್ಲಕ್ಕಿಂತ ಹುಷಾರಾಗಿ ಮುಟ್ಟಬೇಕಾದದ್ದು ಕಿತ್ತಳೆ ಸ್ಲೈಡರ್. ಮನುಷ್ಯರ ಚರ್ಮದ ಬಣ್ಣ ಬಹುಪಾಲು ಅಲ್ಲೇ ಇರುತ್ತದೆ. ಅದನ್ನು ಏರಿಸಿದರೆ ಮುಖ ಬೆಳ್ಳಗಾಗುತ್ತದೆ. ಒಂದೇ ಕ್ಲಿಕ್ಕಿಗೆ ಎಡಿಟ್ ಮಾಡುವ ಎಷ್ಟೋ ರೆಡಿಮೇಡ್ ಪ್ರೀಸೆಟ್‌ಗಳು ಇದನ್ನೇ ಮಾಡುತ್ತವೆ. ಹೂವಿನ ಸಾಲಿನಲ್ಲಿ ಇದರ ಬಣ್ಣ ಬಯಲಾಗುತ್ತದೆ. ಯಾಕೆಂದರೆ ಕೇಸರಿ ಚೆಂಡುಹೂವು, ಕನಕಾಂಬರ ಎರಡೂ ಅದೇ ಸ್ಲೈಡರಿನ ಕೆಳಗೆ ಬರುತ್ತವೆ. ಹೂವಾಡಗಿತ್ತಿಯ ಮುಖ ಬೆಳಗಿಸಲು ಹೋದರೆ ಮುಂದಿನ ಬುಟ್ಟಿಯೂ ಬೆಳ್ಳಗಾಗಿ ಮಲ್ಲಿಗೆ ಬುಟ್ಟಿಯ ಹಾಗೆ ಕಾಣುತ್ತದೆ. ಕಪ್ಪು ಮೈಬಣ್ಣದವರು ಚಿತ್ರದಲ್ಲೂ ಕಪ್ಪಾಗಿಯೇ ಇರಲಿ. ಕೆನ್ನೆಯ ಮೇಲೆ ಬಿದ್ದ ಬೆಳಕು ಹೊಳೆದರೆ ಸಾಕು. ಅದಕ್ಕೆ ಬ್ರಷ್ ತೆಗೆದುಕೊಂಡು ಆ ಜಾಗವನ್ನಷ್ಟೇ ಸ್ವಲ್ಪ ಎತ್ತಿ. ಫಿಲ್ಮ್ ಕಾಲದ ಡಾರ್ಕ್‌ರೂಮಿನಲ್ಲಿ ಕೈ ಅಡ್ಡ ಹಿಡಿದು ಡಾಡ್ಜ್, ಬರ್ನ್, ಅಂದರೆ ಬೇಕಾದ ಜಾಗವನ್ನಷ್ಟೇ ತಿಳಿ ಅಥವಾ ಗಾಢ ಮಾಡುತ್ತಿದ್ದದ್ದೂ ಇದನ್ನೇ.

ಗ್ರೇನ್, ಅಂದರೆ ಫಿಲ್ಮಿನ ಹಾಗೆ ಕಾಣುವ ಕಾಳುಕಾಳಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬೇಕಿದ್ದರೆ ಸ್ವಲ್ಪ ಹಾಕಿ. ಅಂಚುಗಳನ್ನು ಗಡುಸಾಗಿಸುವ ಕ್ಲಾರಿಟಿ ಸ್ಲೈಡರನ್ನು ಮಾತ್ರ ನೂರಕ್ಕೆ ಎಳೆಯಬೇಡಿ, ದಯವಿಟ್ಟು.

ಕೊನೆಗೆ ಒಂದು ಪ್ರಿಂಟ್ ಹಾಕಿಸಿ. ಮೊಬೈಲ್ ಸ್ಕ್ರೀನ್ ಹಿಂದಿನಿಂದ ಬೆಳಗುತ್ತದೆ, ಹಾಗಾಗಿ ನೆರಳಿನೊಳಗಿನ ವಿವರವೂ ಕಾಣುತ್ತದೆ. ಮ್ಯಾಟ್ ಕಾಗದದ ಮೇಲೆ ಅದೇ ನೆರಳು ಮಸಿಯಂತೆ ಮುಚ್ಚಿಕೊಳ್ಳುತ್ತದೆ. ಸಣ್ಣ ಅಳತೆಯಲ್ಲಿ ಒಂದು ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ, ನೆರಳನ್ನು ಬೇಕಾದಷ್ಟು ಎತ್ತಿ ಮತ್ತೆ ಹಾಕಿಸಿ.

ಲ್ಯಾಪ್‌ಟಾಪ್ ತಂದಿರುವವರು ಮುಂದಿನ ಸಾಲಿಗೆ ಬನ್ನಿ. ಬಣ್ಣದ ಮೂಲ ಫೈಲ್ ತೆರೆದಿಡಿ, ನೀವು ಮಾಡಿದ ಕಪ್ಪು ಬಿಳುಪು ಅದರ ಪಕ್ಕದಲ್ಲಿರಲಿ. ಯಾರದ್ದು ಮೊದಲು ನೋಡೋಣ?